ಬೇಲಿ ಹೊಲಕ್ಕಿರಲಿ, ದಾರಿಗೆ ಬೇಡ

ಧರ್ಮಕೇಂದ್ರಗಳಲ್ಲಿ ಪೋಷಕರ ಸಭೆ ಸೇರಿದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಮಕ್ಕಳ ಕೈಗೆ ಮೊಬೈಲ್ ಬಂದಿದೆ, ಅದರಲ್ಲಿ ಕಾಣಬಾರದ್ದೆಲ್ಲ ಕಾಣುತ್ತದೆ. ಮನೆಮಂದಿಯೆಲ್ಲ ಕುಳಿತು ಒಂದು ಸಿನಿಮಾ ನೋಡುವಂತಿಲ್ಲ. ಹಾಸ್ಯದ ಹೆಸರಿನಲ್ಲಿ ಹೊಲಸು ಮಾತೇ ಹೆಚ್ಚು. ಸರ್ಕಾರ ಇದನ್ನೆಲ್ಲ ಒಂದೇ ಏಟಿಗೆ ನಿಷೇಧಿಸಬಾರದೇಕೆ? ಈ ಪ್ರಶ್ನೆಯ ಹಿಂದಿರುವ ಕಳವಳ ನಿಜವಾದುದು. ಹೆತ್ತವರ ಆತಂಕವನ್ನು ಹಳೆಯ ಕಾಲದವರ ಗೊಣಗಾಟವೆಂದು ತಳ್ಳಿಹಾಕುವವರು ಮಕ್ಕಳನ್ನು ಬೆಳೆಸಿದವರಲ್ಲ.

ಆದರೆ ರೋಗ ನಿಜವೆಂದ ಮಾತ್ರಕ್ಕೆ ಕೈಗೆ ಸಿಕ್ಕಿದ್ದೆಲ್ಲ ಮದ್ದಾಗುವುದಿಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವವರು ಯಾರು? ಅಶ್ಲೀಲತೆಯ ಕಾನೂನನ್ನು ಇನ್ನಷ್ಟು ಹಿಗ್ಗಿಸಿ, ಯಾರಿಗಾದರೂ ಮುಜುಗರ ತಂದದ್ದನ್ನೆಲ್ಲ ಅಪರಾಧವೆಂದು ಸಾರುವ ಅಧಿಕಾರವನ್ನು ಆಳುವವರ ಕೈಗೆ ಕೊಡಬೇಕೆಂಬ ಬೇಡಿಕೆಯನ್ನು ನಾನು ಈ ಲೇಖನದಲ್ಲಿ ವಿರೋಧಿಸುತ್ತೇನೆ. ಆ ಬೇಡಿಕೆ ನಮ್ಮ ಮಕ್ಕಳನ್ನು ಕಾಯುವುದಿಲ್ಲ. ಅಷ್ಟೇ ಅಲ್ಲ, ಸಂಖ್ಯೆಯಲ್ಲಿ ಚಿಕ್ಕವರಾದ ನಮ್ಮಂಥವರ ಬಾಯಿಗೇ ಅದು ಒಂದು ದಿನ ಬೀಗ ಹಾಕುತ್ತದೆ.

ಸಂವಿಧಾನ ಹಾಕಿದ ಗೆರೆ

ನಮ್ಮ ಸಂವಿಧಾನದ 19(1)(ಎ) ವಿಧಿ ಪ್ರತಿಯೊಬ್ಬ ನಾಗರಿಕನಿಗೂ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ನೀಡಿದೆ. ಅದರ ಬೆನ್ನಿಗೇ ಬರುವ 19(2)ನೆಯ ವಿಧಿ ಆ ಸ್ವಾತಂತ್ರ್ಯಕ್ಕೆ ಯಾವ ಯಾವ ಕಾರಣಗಳಿಗಾಗಿ ಮಿತಿ ಹಾಕಬಹುದೆಂದು ಎಣಿಸಿ ಹೇಳುತ್ತದೆ. ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಷ್ಟ್ರದ ಭದ್ರತೆ, ಪರರಾಷ್ಟ್ರಗಳೊಂದಿಗಿನ ಸ್ನೇಹಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಲಯ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ: ಒಟ್ಟು ಎಂಟು ಕಾರಣಗಳು. ಸಭ್ಯತೆ ಮತ್ತು ನೈತಿಕತೆಯ ಮಾತು 1950ರ ಮೂಲ ಪಾಠದಲ್ಲೇ ಇತ್ತು. 1951ರ ಮೊದಲ ತಿದ್ದುಪಡಿ ಕೆಲವು ಹೊಸ ಕಾರಣಗಳನ್ನು ಸೇರಿಸಿತು. ಜೊತೆಗೆ, ನಿರ್ಬಂಧವು 'ಸಮಂಜಸ'ವಾಗಿರಬೇಕೆಂಬ ಒಂದು ಪದವನ್ನೂ ಸೇರಿಸಿತು. ಪದ ಚಿಕ್ಕದು, ಆದರೆ ಬೆಲೆ ದೊಡ್ಡದು. ಸರ್ಕಾರ ಹಾಕಿದ ಬೇಲಿ ಅಗತ್ಯಕ್ಕೆ ತಕ್ಕಷ್ಟೇ ಎತ್ತರವಿದೆಯೇ ಎಂದು ನ್ಯಾಯಾಲಯ ಅಳೆದು ನೋಡುವುದು ಆ ಪದದ ಬಲದಿಂದಲೇ.

ಈ ಎಂಟರಲ್ಲಿ 'ಭಾವನೆಗೆ ನೋವು' ಎಂಬುದು ಇಲ್ಲವೆಂಬುದನ್ನು ಗಮನಿಸಬೇಕು. ಧಾರ್ಮಿಕ ಭಾವನೆಯನ್ನು ದುರುದ್ದೇಶದಿಂದ ಕೆರಳಿಸುವವರನ್ನು ಶಿಕ್ಷಿಸುವ ದಂಡ ಸಂಹಿತೆಯ 295ಎ ಕಲಮನ್ನು 1957ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದದ್ದು ಸಾರ್ವಜನಿಕ ಸುವ್ಯವಸ್ಥೆಯ ಆಧಾರದ ಮೇಲೆ. ನೋವಾಯಿತೆಂಬುದು ಮಾತ್ರವೇ ಸಾಕಾಗಿರಲಿಲ್ಲ.

ಅಳತೆಗೋಲಿನ ಹುಟ್ಟು

ಹಾಗಾದರೆ ಅಶ್ಲೀಲವೆಂದರೇನು? 1860ರ ಭಾರತೀಯ ದಂಡ ಸಂಹಿತೆ ಆ ಪದವನ್ನು ಬಳಸಿತು, ಅರ್ಥ ಹೇಳಲಿಲ್ಲ. ಅರ್ಥ ಬಂದದ್ದು ಇಂಗ್ಲೆಂಡಿನಿಂದ, ಅದೂ ಕಥೋಲಿಕರಾದ ನಾವು ತಿಳಿದಿರಲೇಬೇಕಾದ ಒಂದು ಪ್ರಕರಣದಿಂದ.

ವೂಲ್ವರ್‌ಹ್ಯಾಂಪ್ಟನ್ ಪಟ್ಟಣದ ಹೆನ್ರಿ ಸ್ಕಾಟ್ ಎಂಬಾತ 'ದಿ ಕನ್ಫೆಷನಲ್ ಅನ್‌ಮಾಸ್ಕ್ಡ್' ಎಂಬ ಪುಸ್ತಿಕೆಯನ್ನು ಮಾರುತ್ತಿದ್ದ. ಕಥೋಲಿಕ ಗುರುಗಳು ಪಾಪನಿವೇದನೆಯ ಹೆಸರಿನಲ್ಲಿ ಸ್ತ್ರೀಯರಿಗೆ ಕೇಳಬಾರದ್ದನ್ನು ಕೇಳುತ್ತಾರೆಂದು ದೂರುವುದು ಅದರ ಉದ್ದೇಶ. ಪುಸ್ತಿಕೆಗಳು ವಶವಾದವು. ಆತನ ಉದ್ದೇಶ ಧಾರ್ಮಿಕ ವಾದವೇ ಹೊರತು ಜನರನ್ನು ಕೆಡಿಸುವುದಲ್ಲ ಎಂಬ ವಾದ ಮೇಲಿನ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. 1868ರಲ್ಲಿ ಮುಖ್ಯ ನ್ಯಾಯಮೂರ್ತಿ ಕಾಕ್‌ಬರ್ನ್ ಒಂದು ಒರೆಗಲ್ಲನ್ನು ಕೊಟ್ಟರು: ಕೆಟ್ಟ ಪ್ರಭಾವಕ್ಕೆ ಬೇಗ ಒಳಗಾಗುವ ಮನಸ್ಸುಳ್ಳವರ ಕೈಗೆ ಈ ಬರಹ ಸಿಕ್ಕರೆ ಅವರನ್ನು ಅದು ಕೆಡಿಸುವಂತಿದೆಯೇ? ಹಾಗಿದ್ದರೆ ಅದು ಅಶ್ಲೀಲ. ಬರೆದವನ ಉದ್ದೇಶ ಏನೇ ಇರಲಿ. ಹಿಕ್ಲಿನ್ ಪ್ರಕರಣವೆಂದು ಪ್ರಸಿದ್ಧವಾದದ್ದು ಇದೇ.

ನಮ್ಮ ಪವಿತ್ರ ಸಂಸ್ಕಾರವನ್ನು ಹೀಯಾಳಿಸಿದ ಪುಸ್ತಿಕೆ ನಾಶವಾಯಿತೆಂದು ಅಂದಿನ ಕಥೋಲಿಕರು ಸಮಾಧಾನಪಟ್ಟಿದ್ದರೆ ಸೋಜಿಗವಿಲ್ಲ. ಆದರೆ ಆ ಅಳತೆಗೋಲು ಅಲ್ಲಿಗೇ ನಿಲ್ಲಲಿಲ್ಲ. ಸಾಮಾನ್ಯ ಓದುಗನನ್ನು ಬಿಟ್ಟು ಅತಿ ದುರ್ಬಲನನ್ನು, ಇಡೀ ಗ್ರಂಥವನ್ನು ಬಿಟ್ಟು ಒಂದು ಪುಟವನ್ನು ಮುಂದಿಟ್ಟುಕೊಂಡು ತೂಗುವ ಆ ಕೋಲಿನಿಂದ ಪವಿತ್ರ ಬೈಬಲ್ ಗ್ರಂಥವನ್ನೇ ಅಳೆದು ನೋಡಿ. ಲೋಟನ ಹೆಣ್ಣುಮಕ್ಕಳ ಪ್ರಸಂಗ, ದಾವೀದನು ಬತ್ಷೆಬೆಯನ್ನು ಕಂಡ ಸಂಜೆ, ಯೆಹೆಜ್ಕೇಲನ ಕಟುವಾದ ರೂಪಕಗಳು, ಪರಮಗೀತೆ: ಯಾವುದು ಉಳಿದೀತು? ಉಳಿಸಿರುವುದು ಧಾರ್ಮಿಕ ಉದ್ದೇಶಕ್ಕಾಗಿ ಸದ್ಭಾವನೆಯಿಂದ ಬಳಸುವ ಗ್ರಂಥಗಳಿಗೆ ಕಾನೂನು ಕೊಟ್ಟಿರುವ ಒಂದು ವಿನಾಯಿತಿ. ವಿನಾಯಿತಿಯ ನೆರಳಿನಲ್ಲಿರುವವರು ಬಿಸಿಲನ್ನು ಹೆಚ್ಚಿಸಿರೆಂದು ಕೇಳಬಾರದು.

ಇಪ್ಪತ್ತು ರೂಪಾಯಿಯ ದಂಡ

ಸ್ವತಂತ್ರ ಭಾರತವೂ ಅದೇ ಕೋಲನ್ನು ಹಿಡಿಯಿತು. 1959ರ ಡಿಸೆಂಬರ್‌ನಲ್ಲಿ ಮುಂಬಯಿಯ ಪುಸ್ತಕದಂಗಡಿಯೊಂದರಲ್ಲಿ, ಗಿರಾಕಿಯ ವೇಷದಲ್ಲಿ ಕಳುಹಿಸಲಾದ ಒಬ್ಬನಿಗೆ ಡಿ.ಎಚ್. ಲಾರೆನ್ಸ್‌ನ 'ಲೇಡಿ ಚಾಟರ್ಲೀಸ್ ಲವರ್' ಕಾದಂಬರಿಯ ಒಂದು ಪ್ರತಿ ಮಾರಾಟವಾಯಿತು. ಅಂಗಡಿಯ ಪಾಲುದಾರರಲ್ಲೊಬ್ಬರಾದ ರಂಜಿತ್ ಉದೇಶಿಯವರಿಗೆ 20 ರೂಪಾಯಿ ದಂಡ, ತಪ್ಪಿದರೆ ಒಂದು ವಾರ ಸಾದಾ ಸಜೆ. 1964ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಶಿಕ್ಷೆಯನ್ನು ಎತ್ತಿಹಿಡಿಯಿತು. ಅದಕ್ಕೂ ನಾಲ್ಕು ವರ್ಷ ಮೊದಲೇ, 1960ರಲ್ಲಿ, ಅದೇ ಕಾದಂಬರಿಯ ಪ್ರಕಾಶಕರನ್ನು ಲಂಡನ್ನಿನ ನ್ಯಾಯದರ್ಶಿಗಳು ನಿರ್ದೋಷಿಗಳೆಂದಿದ್ದರು. ಅಲ್ಲಿ ಕಾದಂಬರಿಯ ಪರವಾಗಿ ಸಾಕ್ಷಿ ನುಡಿದವರಲ್ಲಿ ಆಂಗ್ಲಿಕನ್ ಸಭೆಯ ವೂಲಿಚ್‌ನ ಬಿಷಪ್ ಜಾನ್ ರಾಬಿನ್ಸನ್ ಕೂಡ ಇದ್ದರು. ಕೋಲನ್ನು ಕೊಟ್ಟವರು ಅದನ್ನು ಬದಿಗಿಟ್ಟರು, ಪಡೆದವರು ಬಿಡಲಿಲ್ಲ.

ಬಿಡಲು ನಮಗೆ ಇನ್ನೂ ಐವತ್ತು ವರ್ಷ ಬೇಕಾಯಿತು. 1969ರಲ್ಲಿ ವಿಜ್ಞಾನ, ಸಾಹಿತ್ಯ, ಕಲೆ, ವಿದ್ಯೆಗಳ ಹಿತಕ್ಕಾಗಿ ವಿನಾಯಿತಿ ಬಂತು. 1985ರಲ್ಲಿ ಸಮರೇಶ್ ಬಸು ಅವರ ಬಂಗಾಳಿ ಕಾದಂಬರಿಯ ಪ್ರಕರಣದಲ್ಲಿ ಒರಟುತನ ಬೇರೆ, ಅಶ್ಲೀಲತೆ ಬೇರೆ ಎಂಬ ತೀರ್ಪು ಬಂತು. 'ಬ್ಯಾಂಡಿಟ್ ಕ್ವೀನ್' ಚಿತ್ರದಲ್ಲಿ ಅತ್ಯಾಚಾರಕ್ಕೊಳಗಾದ ಹೆಣ್ಣನ್ನು ಊರಿನ ಮುಂದೆ ವಿವಸ್ತ್ರಗೊಳಿಸುವ ದೃಶ್ಯ ಹುಟ್ಟಿಸುವುದು ಕಾಮವನ್ನಲ್ಲ, ಆ ಕೃತ್ಯ ಎಸಗಿದವರ ಮೇಲಿನ ಹೇಸಿಗೆಯನ್ನು ಎಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ಗುರುತಿಸಿತು. ಕೊನೆಗೆ 2014ರ ಅವೀಕ್ ಸರ್ಕಾರ್ ತೀರ್ಪಿನಲ್ಲಿ ಹಿಕ್ಲಿನ್ ಒರೆಗಲ್ಲನ್ನು ಕೈಬಿಟ್ಟು, ಕೃತಿಯನ್ನು ಇಡಿಯಾಗಿ ನೋಡಬೇಕು, ಇಂದಿನ ಸಮಾಜದ ಸಾಮಾನ್ಯ ಮನುಷ್ಯನ ದೃಷ್ಟಿಯಿಂದ ತೂಗಬೇಕು ಎಂದಿತು. 2024ರ ಮಾರ್ಚ್‌ನಲ್ಲಿ ಒಂದು ಅಂತರ್ಜಾಲ ಧಾರಾವಾಹಿಯ ಪ್ರಕರಣದಲ್ಲಿ ಬೈಗುಳ ಅಸಹ್ಯವಾದರೂ ಅದೇ ಅಶ್ಲೀಲತೆಯಾಗದು ಎಂದು ಮತ್ತೆ ಹೇಳಿತು.

ನ್ಯಾಯಾಲಯ ಮುಂದೆ ಹೋಯಿತು, ಕಾಯ್ದೆಯ ಪಾಠ ಹಿಂದೆಯೇ ಉಳಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 294ನೆಯ ಕಲಮು ಹಳೆಯ 292ರ ಪದಗಳನ್ನೇ ಹೊತ್ತಿದೆ. ವಿದ್ಯುನ್ಮಾನ ರೂಪದ ಪ್ರದರ್ಶನವನ್ನು ಸೇರಿಸಿ, ದಂಡವನ್ನು ಹೆಚ್ಚಿಸಿದೆ. ವಸಾಹತು ಕಾಲದ ಕಾನೂನನ್ನು ಬದಲಿಸುತ್ತೇವೆಂದು ಹೊರಟವರು ವಿಕ್ಟೋರಿಯ ರಾಣಿಯ ಕಾಲದ ಪದಗಳನ್ನು ಜೋಪಾನವಾಗಿ ಎತ್ತಿಟ್ಟುಕೊಂಡರು.

ಸಮುದಾಯವೆಂದರೆ ಯಾರು?

ಸಮಾಜದ ಮಾನದಂಡವೇ ಒರೆಗಲ್ಲೆಂದಾಗ ಇನ್ನೊಂದು ಪ್ರಶ್ನೆ ಏಳುತ್ತದೆ. ಆ ಸಮಾಜದ ಪರವಾಗಿ ಮಾತನಾಡುವವರು ಯಾರು? ಅನುಭವ ಹೇಳುವುದು ಒಂದೇ: ಜೋರಾಗಿ ಕೂಗುವವರು.

ತಮಿಳು ಲೇಖಕ ಪೆರುಮಾಳ್ ಮುರುಗನ್ ಅವರ 'ಮಾದೊರುಬಾಗನ್' ಕಾದಂಬರಿ 2010ರಲ್ಲಿ ಪ್ರಕಟವಾಯಿತು. ನಾಲ್ಕು ವರ್ಷಗಳ ಬಳಿಕ ಕೆಲವರಿಗೆ ಅದು ಅಶ್ಲೀಲವೆಂದೂ ಜಾತಿಗೆ ಅವಮಾನವೆಂದೂ ತೋರಿತು. 2015ರ ಜನವರಿಯಲ್ಲಿ ಅಧಿಕಾರಿಗಳು ಕರೆದ ಶಾಂತಿಸಭೆಯಲ್ಲಿ ಲೇಖಕರು ಕ್ಷಮೆಪತ್ರಕ್ಕೆ ಸಹಿ ಹಾಕಬೇಕಾಯಿತು. ತಮ್ಮೊಳಗಿನ ಬರಹಗಾರ ಸತ್ತನೆಂದು ಅವರೇ ಸಾರಿದರು. 2016ರ ಜುಲೈನಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಆ ಕಾದಂಬರಿಯಲ್ಲಿ ಅಪರಾಧವಿಲ್ಲವೆಂದು ತೀರ್ಪಿತ್ತು, ಲೇಖಕರು ಮತ್ತೆ ಬರೆಯಲೆಂದು ಹಾರೈಸಿತು. ಕಾನೂನು ಅವರ ಪರವಾಗಿತ್ತು, ಆದರೆ ಕಾನೂನು ಬಂದು ತಲುಪುವಷ್ಟರಲ್ಲಿ ಒಂದೂವರೆ ವರ್ಷ ಕಳೆದಿತ್ತು.

ನಮ್ಮ ಕರಾವಳಿಗೇ ಬನ್ನಿ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತು ಸುತ್ತಮುತ್ತ ದೇವಾಲಯಗಳ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ಒಂದು ಪುಸ್ತಿಕೆ ನಮ್ಮ ದೇವತೆಗಳನ್ನು ನಿಂದಿಸಿ ಭಾವನೆಗೆ ನೋವುಂಟುಮಾಡಿತೆಂಬುದು ಆಗ ಕೇಳಿಬಂದ ಸಮರ್ಥನೆಗಳಲ್ಲೊಂದು. ನಾಲ್ಕು ತಿಂಗಳ ಬಳಿಕ, 2009ರ ಜನವರಿ 24ರಂದು, ಅದೇ ನಗರದ ಪಬ್ ಒಂದಕ್ಕೆ ಗುಂಪೊಂದು ನುಗ್ಗಿ ಸಂಸ್ಕೃತಿ ರಕ್ಷಣೆಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಎಳೆದಾಡಿ ಥಳಿಸಿತು. ಟಿ.ವಿ. ಕ್ಯಾಮೆರಾಗಳ ಎದುರಿನಲ್ಲೇ ನಡೆದ ಆ ಪ್ರಕರಣದ ಆರೋಪಿಗಳು 2018ರಲ್ಲಿ ಸಾಕ್ಷ್ಯಾಧಾರ ಸಾಲದೆ ಖುಲಾಸೆಯಾದರು. ಮೊದಲನೆಯದನ್ನು ಖಂಡಿಸಿದ ನಮ್ಮಲ್ಲಿ ಕೆಲವರು ಎರಡನೆಯದರ ಬಗ್ಗೆ, 'ಹೆಣ್ಣುಮಕ್ಕಳು ಅಲ್ಲಿಗೆ ಹೋಗಬೇಕಿತ್ತೇ' ಎಂದು ಕೇಳಿದರು. ಎರಡು ದಾಳಿಗಳ ತರ್ಕವೂ ಒಂದೇ ಎಂಬುದು ಅವರಿಗೆ ಕಾಣಲಿಲ್ಲ. ನಮಗೆ ಸಹ್ಯವಲ್ಲದ್ದು ನಿಮಗಿರಕೂಡದು: ಇಷ್ಟೇ ಆ ತರ್ಕ. ಒಪ್ಪಿದರೆ ಎರಡು ಕಡೆಗೂ ಒಪ್ಪಬೇಕು, ತಿರಸ್ಕರಿಸಿದರೆ ಎರಡು ಕಡೆಗೂ ತಿರಸ್ಕರಿಸಬೇಕು.

2006ರಲ್ಲಿ 'ದ ಡಾ ವಿಂಚಿ ಕೋಡ್' ಚಿತ್ರ ಬಂದಾಗ ಪ್ರತಿಭಟಿಸಿದವರು ನಾವು. ಪ್ರತಿಭಟನೆ ನಮ್ಮ ಹಕ್ಕು; ಅದರಲ್ಲಿ ತಪ್ಪಿಲ್ಲ. ಹಲವು ರಾಜ್ಯ ಸರ್ಕಾರಗಳು ಚಿತ್ರವನ್ನೇ ನಿಷೇಧಿಸಿದವು. ಆಂಧ್ರಪ್ರದೇಶ ಮತ್ತು ಮದ್ರಾಸ್ ಉಚ್ಚ ನ್ಯಾಯಾಲಯಗಳು ಅದೇ ವರ್ಷ ಆ ನಿಷೇಧಗಳನ್ನು ರದ್ದುಪಡಿಸಿದವು. ಚಿತ್ರ ಬಂತು, ಹೋಯಿತು. ಎರಡು ಸಾವಿರ ವರ್ಷಗಳ ವಿಶ್ವಾಸದ ಒಂದು ಕೂದಲೂ ಕೊಂಕಲಿಲ್ಲ. ಆದರೆ ನಿಷೇಧದ ಅಸ್ತ್ರ ಒಮ್ಮೆ ನಮ್ಮ ಪರವಾಗಿ ಬಳಕೆಯಾದರೆ ಮರುದಿನ ನಮ್ಮ ಹಾಡಿನ ಪುಸ್ತಕಕ್ಕೂ, ಧರ್ಮೋಪದೇಶದ ಹಾಳೆಗೂ ತಿರುಗುವುದನ್ನು ತಡೆಯುವವರಾರು? 25ನೆಯ ವಿಧಿಯಲ್ಲಿ ಧರ್ಮವನ್ನು ಪಾಲಿಸುವ, ಆಚರಿಸುವ ಹಕ್ಕಿನೊಂದಿಗೆ ಪ್ರಸಾರ ಮಾಡುವ ಹಕ್ಕೂ ಇದೆ. ಅದನ್ನು ನೀಡಿದ ಸಂವಿಧಾನ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜರೂ ಇದ್ದರು. ಮಾತಿನ ಸ್ವಾತಂತ್ರ್ಯ ಕುಗ್ಗಿದಲ್ಲಿ ಪ್ರಸಾರದ ಸ್ವಾತಂತ್ರ್ಯ ಹಿಗ್ಗುವುದಿಲ್ಲ.

ನಿಜವಾದ ಕೇಡು ಎಲ್ಲಿದೆ?

ಇಷ್ಟು ಹೇಳಿದ ಮೇಲೆ ಇನ್ನೊಂದು ಪಾಳೆಯದವರಿಗೂ ನಾಲ್ಕು ಮಾತು ಹೇಳಬೇಕು. ಹೆಣ್ಣಿನ ದೇಹವನ್ನು ಸರಕಾಗಿ ಮಾರಿ ಲಾಭ ಎಣಿಸುವವರು, ಪ್ರಶ್ನಿಸಿದೊಡನೆ 19ನೆಯ ವಿಧಿಯ ಮರೆಗೆ ಓಡುತ್ತಾರೆ. ಅಭಿವ್ಯಕ್ತಿಯೆಂದರೆ ಅಭಿವ್ಯಕ್ತಿಸುವ ಮನುಷ್ಯನೊಬ್ಬನಿರಬೇಕು. ಒಬ್ಬಳ ಅರಿವಿಲ್ಲದೆ ತೆಗೆದ ದೃಶ್ಯದಲ್ಲಿ, ಬಲಾತ್ಕಾರದ ಚಿತ್ರದಲ್ಲಿ, ಮಗುವಿನ ಮೇಲಿನ ದೌರ್ಜನ್ಯದ ಚಿತ್ರದಲ್ಲಿ ಯಾರ ಅಭಿವ್ಯಕ್ತಿ ಇದೆ? ಅಲ್ಲಿರುವುದು ಅಪರಾಧ ಮತ್ತು ಅದರ ಸಾಕ್ಷ್ಯ.

2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, ಹಾಸನ ಜಿಲ್ಲೆಯಲ್ಲಿ ಪೆನ್‌ಡ್ರೈವ್‌ಗಳು ಹರಿದಾಡಿದವು. ಅವುಗಳಲ್ಲಿದ್ದ ಹೆಣ್ಣುಮಕ್ಕಳ ಮುಖಗಳು ಮುಚ್ಚಿರಲಿಲ್ಲ. ಊರಿಗೆ ಊರೇ ಅದನ್ನು 'ಅಶ್ಲೀಲ ವಿಡಿಯೊ' ಎಂದು ಕರೆಯಿತು, ಕರೆಯುತ್ತಲೇ ಒಬ್ಬರಿಂದೊಬ್ಬರಿಗೆ ದಾಟಿಸಿತು. ಆ ಪ್ರಕರಣಗಳಲ್ಲೊಂದರಲ್ಲಿ 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಮಾಜಿ ಸಂಸದನೊಬ್ಬನಿಗೆ ಅತ್ಯಾಚಾರಕ್ಕಾಗಿ ಜೀವಾವಧಿ ಶಿಕ್ಷೆ ವಿಧಿಸಿತು. 'ಅಶ್ಲೀಲ' ಎಂಬ ಪದ ಅಲ್ಲಿ ಮಾಡಿದ ಅನ್ಯಾಯವನ್ನು ಯೋಚಿಸಿ. ಆ ಪದ ನೋಡುವವನ ಮನಸ್ಸು ಕೆಟ್ಟಿತೇ ಎಂದು ಕೇಳುತ್ತದೆ. ನೋಡಲ್ಪಟ್ಟವಳ ಬದುಕು ಏನಾಯಿತೆಂದು ಕೇಳುವುದೇ ಇಲ್ಲ. ಸಂತ್ರಸ್ತೆ ಆ ಪದದ ಕೊಳೆಯಲ್ಲಿ ತಾನೂ ಪಾಲುದಾರಳಾಗಿ ಕಾಣುತ್ತಾಳೆ.

ಸರ್ವೋಚ್ಚ ನ್ಯಾಯಾಲಯ ಇದನ್ನು ಮಕ್ಕಳ ವಿಷಯದಲ್ಲಿ ಸ್ಪಷ್ಟವಾಗಿ ಕಂಡಿತು. 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ, ಮಕ್ಕಳ ಇಂಥ ದೃಶ್ಯಗಳನ್ನು ಅಳಿಸದೆ, ದೂರು ಕೊಡದೆ ಇಟ್ಟುಕೊಳ್ಳುವುದೂ ಪೋಕ್ಸೊ ಕಾಯ್ದೆಯಡಿ ಅಪರಾಧವಾಗಬಹುದೆಂದು ಹೇಳಿತು. ಅಷ್ಟಕ್ಕೇ ನಿಲ್ಲದೆ, 'ಮಕ್ಕಳ ಅಶ್ಲೀಲ ಚಿತ್ರ' ಎಂಬ ಅರ್ಥದ ಇಂಗ್ಲಿಷ್ ಪದವನ್ನು ನ್ಯಾಯಾಲಯಗಳು ಬಳಸಬಾರದು, ಅದನ್ನು ಮಕ್ಕಳ ಲೈಂಗಿಕ ಶೋಷಣೆ ಮತ್ತು ದೌರ್ಜನ್ಯದ ಸಾಮಗ್ರಿ ಎಂದೇ ಕರೆಯಬೇಕೆಂದು ಆದೇಶಿಸಿತು. ಹೆಸರು ಸರಿಯಾದರೆ ಗುರಿಯೂ ಸರಿಯಾಗುತ್ತದೆ.

ಹಳೆಯ ಒಡಂಬಡಿಕೆಯ ದಾನಿಯೇಲನ ಗ್ರಂಥದಲ್ಲಿ ಸುಸನ್ನಳ ಕಥೆ ಇದೆ. ತೋಟದಲ್ಲಿ ಸ್ನಾನಕ್ಕಿಳಿದವಳನ್ನು ಬಚ್ಚಿಟ್ಟುಕೊಂಡು ನೋಡಿದ ಹಿರಿಯರಿಬ್ಬರು ಅದೇ ಊರಿನ ನ್ಯಾಯಾಧಿಪತಿಗಳು. ಅವರ ಬಲವಂತಕ್ಕೆ ಅವಳು ಮಣಿಯದಿದ್ದಾಗ ಅವಳನ್ನೇ ವ್ಯಭಿಚಾರಿಣಿಯೆಂದು ಸಭೆಯ ಮುಂದೆ ನಿಲ್ಲಿಸಿದರು, ಸಭೆ ನಂಬಿತು. ಯುವಕ ದಾನಿಯೇಲ ಮಾಡಿದ್ದೇನು? ಸಾಕ್ಷಿಗಳನ್ನು ಬೇರ್ಪಡಿಸಿ, ಯಾವ ಮರದಡಿಯಲ್ಲಿ ಕಂಡಿರೆಂದು ಕೇಳಿದ. ಇಬ್ಬರೂ ಬೇರೆ ಬೇರೆ ಮರದ ಹೆಸರು ಹೇಳಿ ಸಿಕ್ಕಿಬಿದ್ದರು. ನೈತಿಕತೆಯ ಹೆಸರಿನಲ್ಲಿ ಅಧಿಕಾರ ಕೇಳುವವರೆಲ್ಲರಿಗೂ ಆ ಪ್ರಶ್ನೆ ಕೇಳುವ ದಾನಿಯೇಲ ಇರಬೇಕು. ಬೇಲಿಯೇ ಎದ್ದು ಹೊಲ ಮೇಯ್ದ ನಿದರ್ಶನ ನಮ್ಮಲ್ಲೂ ಇಲ್ಲದಿಲ್ಲ. 2012ರ ಫೆಬ್ರವರಿಯಲ್ಲಿ ವಿಧಾನಸಭೆಯ ಕಲಾಪ ನಡೆಯುತ್ತಿರುವಾಗಲೇ ಮೊಬೈಲ್‌ನಲ್ಲಿ ಅಶ್ಲೀಲ ದೃಶ್ಯ ನೋಡಿದ ಆರೋಪದ ಮೇಲೆ ನಮ್ಮ ರಾಜ್ಯದ ಮೂವರು ಸಚಿವರು ರಾಜೀನಾಮೆ ಕೊಡಬೇಕಾಯಿತು. ಇಂಥ ಕೈಗಳಿಗೇ ನಮ್ಮ ಮಕ್ಕಳ ಮನಸ್ಸಿನ ಕೀಲಿಯನ್ನು ಒಪ್ಪಿಸೋಣವೇ?

ಕೇಳಬೇಕಾದುದು, ಮಾಡಬೇಕಾದುದು

ಸರ್ಕಾರದಿಂದ ನಾವು ಕೇಳಬೇಕಾದುದು ಹೊಸ ನಿಷೇಧವನ್ನಲ್ಲ, ಇರುವ ಕಾನೂನಿನ ನೇರವಾದ ಜಾರಿಯನ್ನು. ಕದ್ದು ನೋಡುವುದನ್ನು, ಚಿತ್ರೀಕರಿಸುವುದನ್ನು ಶಿಕ್ಷಿಸುವ ನ್ಯಾಯ ಸಂಹಿತೆಯ 77ನೆಯ ಕಲಮು ಇದೆ. ಖಾಸಗಿತನದ ಭಂಗಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ, ಮಕ್ಕಳ ಶೋಷಣೆಗೆ 67ಬಿ, ಮೇಲೆ ಪೋಕ್ಸೊ. ಇವೆಲ್ಲ ಒಬ್ಬ ವ್ಯಕ್ತಿಗೆ ಆದ ಕೇಡನ್ನು ಹೆಸರಿಸುವ ಕಲಮುಗಳು. ಅಸ್ಪಷ್ಟ ಪದಗಳಿಂದ ಕಟ್ಟಿದ ಕಾನೂನಿನ ಗತಿಯನ್ನೂ ಕಂಡಿದ್ದೇವೆ. ಕಿರಿಕಿರಿಯನ್ನೂ ಅಪರಾಧವೆಂದ ಅದೇ ಕಾಯ್ದೆಯ 66ಎ ಕಲಮಿನಡಿ, 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಇಬ್ಬರು ಯುವತಿಯರು ಒಂದು ಫೇಸ್‌ಬುಕ್ ಬರಹಕ್ಕಾಗಿ ಬಂಧನಕ್ಕೊಳಗಾದರು. 2015ರ ಮಾರ್ಚ್ 24ರಂದು ಸರ್ವೋಚ್ಚ ನ್ಯಾಯಾಲಯ ಆ ಕಲಮನ್ನೇ ರದ್ದುಗೊಳಿಸಿತು.

ಉಳಿದುದು ಮನೆಯ ಕೆಲಸ, ಧರ್ಮಸಭೆಯ ಕೆಲಸ. ನಾಲ್ಕು ಶತಮಾನಗಳ ಕಾಲ ನಿಷಿದ್ಧ ಗ್ರಂಥಗಳ ಪಟ್ಟಿಯನ್ನು ಇಟ್ಟುಕೊಂಡಿದ್ದ ನಮ್ಮ ಧರ್ಮಸಭೆಯೇ 1966ರಲ್ಲಿ, ಆರನೆಯ ಪೌಲ ಜಗದ್ಗುರುಗಳ ಕಾಲದಲ್ಲಿ, ಆ ಪಟ್ಟಿಯ ಕಾನೂನುಬಲವನ್ನು ತೆಗೆದುಹಾಕಿತು. ಕೆಟ್ಟ ಪುಸ್ತಕಗಳು ಇಲ್ಲವಾದವೆಂದಲ್ಲ. ಪ್ರೌಢ ವಿಶ್ವಾಸಿಗಳ ಅಂತಃಸಾಕ್ಷಿಯ ಮೇಲೆ ಹೊಣೆ ಇಡಲಾಯಿತು. ಧರ್ಮಸಭೆ ಕೆಳಗಿಟ್ಟ ಪಟ್ಟಿಯನ್ನು ಜಿಲ್ಲಾಡಳಿತ ಕೈಗೆತ್ತಿಕೊಳ್ಳಲೆಂದು ನಾವು ಬೇಡುವುದು ಯಾವ ನ್ಯಾಯ? ಮನುಷ್ಯನನ್ನು ಕೆಡಿಸುವುದು ಹೊರಗಿನಿಂದ ಒಳಹೋಗುವಂಥದ್ದಲ್ಲ, ಹೃದಯದಿಂದ ಹೊರಬರುವಂಥದ್ದು ಎಂದು ಪ್ರಭು ಕಲಿಸಿದ್ದಾರೆ. ಆ ಹೃದಯವನ್ನು ರೂಪಿಸುವ ಕೆಲಸವನ್ನು ಪೊಲೀಸ್ ಠಾಣೆಗೆ ಗುತ್ತಿಗೆ ಕೊಡಲಾಗದು.

ದೇಹದ ಬಗ್ಗೆ ಮಕ್ಕಳೊಡನೆ ಮಾತನಾಡುವುದೇ ಅಶ್ಲೀಲವೆಂದು ನಾವು ಬಾಯಿ ಮುಚ್ಚಿಕೊಂಡಿದ್ದೇವೆ. 2007ರಲ್ಲಿ ಹದಿಹರೆಯದವರಿಗೆ ಶಾಲೆಗಳಲ್ಲಿ ಈ ವಿಷಯ ಕಲಿಸುವ ಕಾರ್ಯಕ್ರಮವನ್ನು ಹಲವು ರಾಜ್ಯಗಳು ತಡೆದಾಗ ನಮ್ಮಲ್ಲನೇಕರು ನಿಟ್ಟುಸಿರುಬಿಟ್ಟರು. ತಂದೆತಾಯಿ ಹೇಳದ ಪಾಠವನ್ನು ಈಗ ಮೊಬೈಲ್ ಹೇಳಿಕೊಡುತ್ತಿದೆ, ತೀರಾ ಕೆಟ್ಟದಾಗಿ ಹೇಳಿಕೊಡುತ್ತಿದೆ. ಧರ್ಮೋಪದೇಶದ ತರಗತಿಯಲ್ಲಿ, ಯುವಜನರ ಕೂಟದಲ್ಲಿ, ಊಟದ ಮೇಜಿನ ಸುತ್ತ ಈ ಮಾತು ಸಂಕೋಚವಿಲ್ಲದೆ ನಡೆಯಲಿ. ಯಾರಾದರೂ ಹೆಣ್ಣುಮಗಳ ಖಾಸಗಿ ದೃಶ್ಯ ನಿಮ್ಮ ವಾಟ್ಸಾಪ್ ಗುಂಪಿಗೆ ಬಂದರೆ ಮುಂದಕ್ಕೆ ಕಳುಹಿಸದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿ. ಮಗುವಿನದಾಗಿದ್ದರೆ 1098ಕ್ಕೂ ಕರೆ ಮಾಡಿ. ಕಳುಹಿಸಿದವರು ಸಂಬಂಧಿಕರೇ ಆಗಿರಲಿ, ಗುರಿಕಾರರೇ ಆಗಿರಲಿ, ಗುಂಪಿನ ಎದುರಿಗೇ ಅದು ತಪ್ಪೆಂದು ಹೇಳಿ.

ಬೇಲಿ ಬೇಡವೆಂದು ನಾನು ಹೇಳುತ್ತಿಲ್ಲ. ಬೆಳೆ ಇರುವಲ್ಲಿ, ಮಗುವಿನ ಮೈಯ ಸುತ್ತ, ಹೆಣ್ಣಿನ ಘನತೆಯ ಸುತ್ತ ಅದು ಮುಳ್ಳುಬೇಲಿಯೇ ಆಗಿರಲಿ. ಆದರೆ ಊರಿನ ಹಾದಿಗೆ ಅಡ್ಡಲಾಗಿ ಬೇಲಿ ಹಾಕಿದರೆ ಮೊದಲು ದಾರಿ ತಪ್ಪುವುದು ಕಳ್ಳನಿಗಲ್ಲ. ದೇವಾಲಯಕ್ಕೆ ಹೊರಟ ನಮಗೇ.